ತಳವಾರನ ಹೆಜ್ಜೆ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ಊರ ಕಾವಲು

ತಳವಾರಿಕೆ ಎಂದರೆ ಊರ ಕಾವಲಿನ ಹಕ್ಕು, ಜೊತೆಗೆ ಅದರ ಹೊಣೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಪೊಲೀಸ್ ಠಾಣೆ ಎಂಬುದು ಹುಟ್ಟುವ ಬಹಳ ಮೊದಲೇ ಊರ ಕಾವಲಿಗೆ ತಳವಾರನಿದ್ದ. ಮದರಾಸು ಸರ್ಕಾರದ ದಫ್ತರಗಳು ಅವನನ್ನು ತಳಾರಿ ಎಂದು ಬರೆದುಕೊಂಡವು. ಕಳವಾದರೆ ಕಳ್ಳನನ್ನು ಹುಡುಕುವುದು, ಹೊಸಬರು ಬಂದಿಳಿದರೆ ಗೌಡನ ಕಿವಿಗೆ ಹಾಕುವುದು, ದಾರಿಹೋಕರನ್ನು ಮುಂದಿನ ಊರಿನ ಗಡಿ ಮುಟ್ಟಿಸುವುದು ಅವನ ಕೆಲಸ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ‘ಐದನೇ ವರದಿ’ ದಕ್ಷಿಣದ ಹಳ್ಳಿಯ ಆಯಗಾರರನ್ನು ಪಟ್ಟಿ ಮಾಡುವಾಗ ತಳಾರಿ ಮತ್ತು ತೋಟಿಯ ನಡುವೆ ಒಂದು ಗೆರೆ ಎಳೆಯಿತು. ತೋಟಿಯ ಕೆಲಸ ಊರೊಳಗಿನದು, ಬೆಳೆ ಕಾಯುವುದು, ರಾಶಿ ಅಳೆಯುವಾಗ ನೆರವಾಗುವುದು. ತಳಾರಿಯದು ಇನ್ನೂ ವಿಸ್ತಾರ: ಅಪರಾಧಗಳ ಸುದ್ದಿ ಸಂಗ್ರಹಿಸುವುದು. ಪತ್ತೇದಾರ ಎಂಬ ಹೆಸರಿಲ್ಲದ ಪತ್ತೇದಾರಿಕೆ ಇದು.

ಈ ಹೊಣೆಗೆ ಸಿಗುತ್ತಿದ್ದದ್ದು ಕಣದಲ್ಲಿ ಆಯ ಎಂಬ ಕಾಳಿನ ಪಾಲು, ಊರ ಹೊಲದಲ್ಲಿ ಒಂದಿಷ್ಟು ಇನಾಮು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರರ ಸಾಲಿನಲ್ಲೇ ಅವನೂ ನಿಂತು ಮೊರ ಒಡ್ಡುತ್ತಿದ್ದ. ಅವನ ಠಾವು ಊರ ಅಗಸಿ. ಹೊತ್ತು ಮುಳುಗಿದ ಮೇಲೆ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಯಾರ ಮನೆಯಲ್ಲಿ ತಡರಾತ್ರಿ ಒಲೆ ಉರಿಯಿತು, ಯಾರ ಎತ್ತಿನ ಕೊರಳಗಂಟೆ ಸದ್ದಡಗಿತು ಎಂಬುದೆಲ್ಲ ಅವನ ಕಣ್ಣು–ಕಿವಿಯ ಲೆಕ್ಕ. ನೂರಿನ್ನೂರು ಮನೆಯ ಊರಿನಲ್ಲಿ ಇಷ್ಟು ಗೊತ್ತಿದ್ದವನಿಗೆ ಕಳ್ಳ ಯಾರೆಂದು ಊಹಿಸುವುದು ದೊಡ್ಡ ಮಾತಲ್ಲ. ಗೊತ್ತಿದ್ದದ್ದನ್ನು ಯಾರ ಮುಂದೆ, ಯಾವಾಗ, ಎಷ್ಟು ಹೇಳಬೇಕು ಎಂಬಲ್ಲಿಯೇ ಕಷ್ಟವೆಲ್ಲ ಇತ್ತು. ತಳವಾರಿಕೆಯ ಚರಿತ್ರೆಯಲ್ಲಿ ಕಾನೂನಿನ ಮೇಲೆ ಕಾನೂನು ಬಂದು ಬದಲಾಯಿಸಿದ್ದೂ ಬಹುಮಟ್ಟಿಗೆ ಇದನ್ನೇ.

ಕಳವಿನ ರೀತಿಯನ್ನು ಮನೆ ಕಟ್ಟುವ ರೀತಿಯೇ ನಿರ್ಧರಿಸುತ್ತಿತ್ತು. ಮಣ್ಣಿನ ಮಾಳಿಗೆ ಮನೆಗೆ ಕಳ್ಳ ಬರುವ ದಾರಿ ಎರಡು: ಹಿಂಗೋಡೆಗೆ ಕನ್ನ ಕೊರೆದು, ಇಲ್ಲವೆ ಮಾಳಿಗೆಯ ಗವಾಕ್ಷಿಯಿಂದ ಇಳಿದು. ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆಯುವುದು ಬೇರೆಯೇ ಕಸುಬು. ಹಗೇವು ಎಲ್ಲಿದೆ ಎಂದು ತಿಳಿದವನೇ ಅದನ್ನು ಮಾಡಬೇಕು, ಅಂದರೆ ಒಳಗಿನವನೇ. ದನದ ಕಳವಿನಲ್ಲಿ ಮಾತ್ರ ಹೆಜ್ಜೆ ಊರಾಚೆ ಹೋಗುತ್ತಿತ್ತು.

ಹೆಜ್ಜೆ ಹಿಡಿಯುವುದು ತಳವಾರನ ವಿದ್ಯೆಯ ತಿರುಳು. ಎರೆ ಹೊಲ ಹೆಜ್ಜೆಯನ್ನು ಅಚ್ಚಿನಂತೆ ಹಿಡಿದಿಡುತ್ತದೆ. ಕೂಡ್ಲಿಗಿ ಕಡೆಯ ಮಸಾರಿಯೂ ಕಲ್ಲುಗುಡ್ಡವೂ ಬಿಟ್ಟುಕೊಡುವುದಿಲ್ಲ. ಹೆಜ್ಜೆ ತನ್ನೂರಿನ ಸೀಮೆ ದಾಟಿದ್ದನ್ನು ತೋರಿಸಿ ಪಕ್ಕದೂರಿನ ತಳವಾರನಿಗೆ ಒಪ್ಪಿಸಿದರೆ ಹೊಣೆಯೂ ಆ ಊರಿಗೆ ದಾಟುತ್ತಿತ್ತು. ಅವನು ಮುಂದಿನ ಊರಿಗೆ ಒಪ್ಪಿಸಬೇಕು. ಎಲ್ಲಿ ಹೆಜ್ಜೆ ನಿಂತಿತೋ ಆ ಊರಿನ ಕಾವಲಿನವರು ಕಳ್ಳನನ್ನು ಕೊಡಬೇಕು, ಇಲ್ಲವೇ ಕಳೆದುಹೋದ ಮಾಲಿನ ಬೆಲೆ ಕಟ್ಟಿಕೊಡಬೇಕು.

ಇದು ಹಳ್ಳಿಗರು ಕಟ್ಟಿಕೊಂಡ ಒರಟು ಪದ್ಧತಿಯೆಂದು ಈಸ್ಟ್ ಇಂಡಿಯಾ ಕಂಪನಿಯ ಕೆಲವು ಅಧಿಕಾರಿಗಳು ತಿಳಿದಿದ್ದರೆ ಅದು ಅವರ ತಪ್ಪು. ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಈ ನಿಯಮವಿದೆ: ಸೀಮೆಯೊಳಗೆ ಕಳವಾದರೆ ಆ ಊರು ತೆರಬೇಕು, ಹೆಜ್ಜೆ ಬೇರೆ ಊರಿಗೆ ಹೋಗಿದ್ದರೆ ಆ ಊರು ತೆರಬೇಕು, ಒಂದು ಕ್ರೋಶದಾಚೆ ಬಯಲಿನಲ್ಲಿ ನಡೆದಿದ್ದರೆ ಸುತ್ತಲಿನ ಐದು ಊರೋ ಹತ್ತು ಊರೋ ಸೇರಿ ತೆರಬೇಕು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದವನು, ಆರನೇ ವಿಕ್ರಮಾದಿತ್ಯನ (1076–1126) ಕಾಲದವನು. ಶಾಸ್ತ್ರ ನೋಡಿ ಊರು ನಡೆಯಿತೋ, ಊರ ನಡೆ ನೋಡಿ ಶಾಸ್ತ್ರ ಬರೆದರೋ ಎಂಬ ಪ್ರಶ್ನೆಗೆ ಎರಡನೆಯದೇ ಹೆಚ್ಚು ಒಪ್ಪುವ ಉತ್ತರ.

ತಳವಾರ ಎಂಬ ಪದವೂ ಹಳೆಯದು. ಕನ್ನಡದ ಮೊದಲ ಗದ್ಯಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಒಂದು ನೇರವಾಗಿ ತಳಾರನ ಕಥೆ. ಮಿಥಿಲೆಯ ಅರಸನ ಹಾರ ಕಳವಾಗುತ್ತದೆ. ತಳಾರ ಯಮದಂಡನಿಗೆ ಗಡುವು ಬೀಳುತ್ತದೆ. ಅವನು ಹಿಡಿದು ತಂದದ್ದು ಹಾಳು ಗುಡಿಯಲ್ಲಿ ಬಿದ್ದಿದ್ದ ಒಬ್ಬ ಕುಷ್ಠರೋಗಿಯನ್ನು; ಬಗೆಬಗೆಯಾಗಿ ದಂಡಿಸಿದರೂ ಅವನು ತಾನಲ್ಲ ಎನ್ನುತ್ತಾನೆ. ಅರಸ ಅಭಯ ಕೊಟ್ಟ ಮೇಲೆ ತಾನೇ ವಿದ್ಯುಚ್ಚೋರನೆಂದೂ, ತಳಾರನ ಬಾಲ್ಯದ ಗೆಳೆಯನೆಂದೂ, ಅವನು ಕಾವಲಿರುವ ಊರಲ್ಲೇ ಕದಿಯುತ್ತೇನೆಂದು ಹಿಂದೆ ಪಂಥ ಕಟ್ಟಿದ್ದನೆಂದೂ ಹೇಳುತ್ತಾನೆ. ಏಟಿಗೆ ಬಾರದ ಮಾತು ಅಭಯಕ್ಕೆ ಬಂತು. ಸಾವಿರ ವರ್ಷದ ನಂತರ ಮದರಾಸಿನ ಆಡಳಿತಗಾರರು ಒಂದು ಆಯೋಗ ಕೂರಿಸಿ ಕಲಿತ ಪಾಠ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ವಿಜಯನಗರ 1565ರಲ್ಲಿ ಮುರಿದುಬಿದ್ದ ಮೇಲೆ ಈ ಸೀಮೆ ಪಾಳೆಯಗಾರರ ಕೈಗೆ ಬಂತು. ಹರಪನಹಳ್ಳಿಯದು ದೊಡ್ಡ ಪಾಳೆಯಪಟ್ಟು. ಗುಡೇಕೋಟೆ, ಜರಿಮಲೆ ಚಿಕ್ಕವು. ಊರ ತಳವಾರಿಕೆಯ ಮೇಲೆ ಪಾಳೆಯಗಾರನ ಕಾವಲಿ ಎಂಬ ಇನ್ನೊಂದು ಪದರ ಕೂತಿತು. ದಾರಿ, ಹಳ್ಳಿ, ಸಂತೆ ಕಾಯುವುದಕ್ಕೆ ಪಾಳೆಯಗಾರ ಕಾವಲಿ ಕಾಣಿಕೆ ಎತ್ತುತ್ತಿದ್ದ. ಕಾಣಿಕೆ ಕೊಡದ ಊರಿಗೆ ಕಳ್ಳರ ಕಾಟ ಹೆಚ್ಚುತ್ತಿದ್ದದ್ದು ಆಕಸ್ಮಿಕವೇನಲ್ಲ. ಪಾಳೆಯಗಾರನ ದಂಡಿನಲ್ಲಿ ಬೇಡರು ಹೆಚ್ಚು. ಹಳ್ಳಿಯ ತಳವಾರಿಕೆ ಹಿಡಿದವರಲ್ಲೂ ಅವರೇ ಬಹಳ. ಕಾಯುವವನೂ ಕಾಡುವವನೂ ಒಂದೇ ಬಳಗದವರಾಗಿದ್ದುದೇ ಈ ಪದ್ಧತಿಯ ಬಲ, ಅದೇ ಅದರ ಕೇಡು.

1800ರ ಅಕ್ಟೋಬರಿನ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ನಾಡಿಗೆ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ, 1807ರವರೆಗೆ ಇದ್ದ. ಅವನ ಲೆಕ್ಕದಲ್ಲಿ ಇಲ್ಲಿ 80 ಪಾಳೆಯಗಾರರು, ಅವರ ಹಿಂದೆ ಸುಮಾರು 30,000 ಮಂದಿ ಹತಾರ ಹಿಡಿದವರು ಇದ್ದರು. ಸೈನ್ಯ ಬಳಸಿ ಆ ಪಡೆಗಳನ್ನು ಚದರಿಸಿದ ಮನ್ರೋ ಪಾಳೆಯಗಾರರಲ್ಲಿ ಕೆಲವರನ್ನು ಹೊರಗಟ್ಟಿದ, ಕೆಲವರಿಗೆ ವರ್ಷಾಶನ ಕಟ್ಟಿದ. ಆದರೆ ಹಳ್ಳಿಯ ತಳವಾರನನ್ನು ಮುಟ್ಟಲಿಲ್ಲ. ಹೊರಗಿನ ಸಂಬಳದ ಸಿಪಾಯಿಗೆ ತಿಳಿಯದ್ದು ಇವನಿಗೆ ತಿಳಿದಿರುತ್ತದೆ ಎಂಬುದನ್ನು ಮನ್ರೋ ಬೇಗ ಕಂಡುಕೊಂಡಿದ್ದ.

ಮದರಾಸು ಸರ್ಕಾರಕ್ಕೆ ಅದು ಕಾಣಲು ಇನ್ನಷ್ಟು ವರ್ಷ ಹಿಡಿಯಿತು. 1802ರ ಕಾಯಿದೆಗಳು ಬಂಗಾಳದ ಮಾದರಿಯಲ್ಲಿ ದರೋಗರೆಂಬ ಸಂಬಳದ ಪೊಲೀಸ್ ಅಧಿಕಾರಿಗಳನ್ನು ತಂದಿದ್ದವು. ದರೋಗ ಹೊರಗಿನವನು, ಊರವರಿಗೆ ಅವನ ಮೇಲೆ ಅಂಜಿಕೆಯೇ ಹೊರತು ನಂಬಿಕೆ ಇಲ್ಲ. ಇಂಗ್ಲೆಂಡಿನಿಂದ ನ್ಯಾಯ–ಪೊಲೀಸ್ ಏರ್ಪಾಟು ಪರಿಶೀಲಿಸುವ ಆಯೋಗದ ಮುಖ್ಯಸ್ಥನಾಗಿ ಮರಳಿ ಬಂದ ಮನ್ರೋನ ಒತ್ತಾಯದಿಂದ 1816ರ 11ನೇ ರೆಗ್ಯುಲೇಷನ್ ದರೋಗರನ್ನು ತೆಗೆದುಹಾಕಿತು. ಊರ ಗೌಡನನ್ನೇ ಊರ ಪೊಲೀಸಿನ ಯಜಮಾನನನ್ನಾಗಿ ಮಾಡಿ, ತಳವಾರನನ್ನು ಅವನ ಕೈಕೆಳಗೆ ಇಟ್ಟು, ಮೇಲೆ ತಹಶೀಲ್ದಾರ, ಅವನ ಮೇಲೆ ಮ್ಯಾಜಿಸ್ಟ್ರೇಟ್ ಆದ ಕಲೆಕ್ಟರ್ ಎಂಬ ಏಣಿ ಕಟ್ಟಿತು.

ಈ ರೆಗ್ಯುಲೇಷನ್ನಿನ ಒಂದು ಕಲಮು ಹಳ್ಳಿಯ ನ್ಯಾಯದ ಅಸಲು ಮುಖವನ್ನು ತೋರಿಸುತ್ತದೆ. ಬೈಗುಳ, ಕೈಕೈ ಮಿಲಾಯಿಸುವಂಥ ಸಣ್ಣ ತಪ್ಪಿಗೆ ಗೌಡ ತಪ್ಪಿತಸ್ಥನನ್ನು ಚಾವಡಿಯಲ್ಲಿ 12 ತಾಸು ಮೀರದಂತೆ ಕೂಡಿಹಾಕಬಹುದು. ತಪ್ಪಿತಸ್ಥ ಕೆಳಜಾತಿಯವನಾದರೆ 6 ತಾಸಿನವರೆಗೆ ಕೊಳಕ್ಕೆ ಹಾಕಬಹುದು, ಅಂದರೆ ಮರದ ದಿಮ್ಮಿಯ ತೂತಿನಲ್ಲಿ ಕಾಲು ಸಿಕ್ಕಿಸಿ ಎಲ್ಲರ ಕಣ್ಣೆದುರು ಕೂರಿಸಬಹುದು. ತಪ್ಪು ಒಂದೇ, ಶಿಕ್ಷೆ ಮಾತ್ರ ಜಾತಿ ನೋಡಿ. ತಳವಾರ ಯಾರ ಹೆಸರನ್ನು ಗೌಡನ ಕಿವಿಗೆ ಹಾಕುತ್ತಾನೆ, ಯಾರದನ್ನು ನುಂಗಿಕೊಳ್ಳುತ್ತಾನೆ ಎಂಬುದರ ಹಿಂದೆಯೂ ಈ ತಕ್ಕಡಿಯೇ ತೂಗುತ್ತಿತ್ತು.

ಕಂದಾಯ ಎತ್ತುವವನೂ ಕಳ್ಳನನ್ನು ಹಿಡಿಯುವವನೂ ಒಬ್ಬನೇ ಆದದ್ದರ ಫಲ 40 ವರ್ಷದಲ್ಲಿ ಹೊರಬಿತ್ತು. 1855ರಲ್ಲಿ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ಮದರಾಸು ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯ ಬಗ್ಗೆ ವರದಿ ಕೊಟ್ಟಿತು. ಬಾಕಿ ವಸೂಲಿಗೂ ತಪ್ಪೊಪ್ಪಿಗೆಗೂ ಒಂದೇ ಉಪಾಯಗಳು: ಬೆರಳನ್ನು ಮರದ ಕಿಟ್ಟಿಯಲ್ಲಿ ಹಿಂಡುವುದು, ಬೆನ್ನು ಬಗ್ಗಿಸಿ ಹಗ್ಗ ಬಿಗಿದು ಬಿಸಿಲಲ್ಲಿ ನಿಲ್ಲಿಸಿ ಮೇಲೆ ಕಲ್ಲು ಹೇರುವುದು. ಲಂಡನ್ನಿನ ಪಾರ್ಲಿಮೆಂಟಿನವರೆಗೆ ಮುಟ್ಟಿದ ಆ ವರದಿಯಿಂದ 1859ರ 24ನೇ ಕಾಯಿದೆ ಬಂತು. ಕಂದಾಯದಿಂದ ಬೇರ್ಪಟ್ಟ ಮದರಾಸು ಪೊಲೀಸ್ ಇಲಾಖೆ ಹುಟ್ಟಿತು. ಪೊಲೀಸಿನವನ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬ ನಿಯಮ 1861ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಬಂದು, 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮಾಗಿ ನಿಂತಿತು.

ಹೊಸ ಇಲಾಖೆಯ ವಂಶವೃಕ್ಷ ಐರ್ಲೆಂಡಿಗೆ ಹೋಗುತ್ತದೆ. ಅಲ್ಲಿ 1814ರಲ್ಲಿ ರಾಬರ್ಟ್ ಪೀಲ್ ಒಂದು ಶಾಂತಿಪಡೆ ಕಟ್ಟಿದ. 1822ರ, 1836ರ ಕಾಯಿದೆಗಳಿಂದ ಅದು ಐರಿಷ್ ಕಾನ್‌ಸ್ಟಾಬ್ಯುಲರಿಯಾಯಿತು. ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದಾಗ ಅದೇ ಅಚ್ಚಿನಲ್ಲಿ ಪೊಲೀಸ್ ಪಡೆ ಎರಕ ಹೊಯ್ದ. ಸಿಂಧಿನಿಂದ ಮುಂಬಯಿ, ಮದರಾಸುಗಳಿಗೆ ಆ ಅಚ್ಚು ಹರಡಿತು. ಐರಿಷ್ ಪಡೆಯಲ್ಲಿ ಒಂದು ಕಟ್ಟುನಿಟ್ಟಿತ್ತು: ಯಾವ ಕಾನ್‌ಸ್ಟೇಬಲನನ್ನೂ ಅವನ ಹುಟ್ಟೂರಿನ ಜಿಲ್ಲೆಗೆ ಹಾಕಬಾರದು, ಹೆಂಡತಿಯ ತವರಿನ ಜಿಲ್ಲೆಗೂ ಹಾಕಬಾರದು. ನೆಂಟಸ್ತನ ಬಾಯಿ ಕಟ್ಟುತ್ತದೆ ಎಂಬ ಭಯ. ಹಾಗೆ ಬಂದ ಹೊರಗಿನವನಿಗೆ ಊರು ತಾನೇ ಬಾಯಿ ಕಟ್ಟಿಕೊಂಡಿತು; ಐರಿಷ್ ಹಳ್ಳಿಯಲ್ಲಿ ‘ಸುದ್ದಿ ಕೊಟ್ಟವ’ ಎಂಬುದಕ್ಕಿಂತ ಕೀಳು ಬೈಗುಳ ಇರಲಿಲ್ಲ. ತಳವಾರಿಕೆ ಇದರ ಪೂರ್ತಿ ತಲೆಕೆಳಗು. ಹುಟ್ಟೂರಲ್ಲೇ ಇದ್ದು, ಊರ ಕಾಳು ತಿಂದು, ಊರವರ ಮೇಲೆ ಸುದ್ದಿ ಕೊಡಬೇಕು. 1859ರ ನಂತರ ಈ ಎರಡೂ ಪದ್ಧತಿಗಳನ್ನು ಒಂದೇ ನೊಗಕ್ಕೆ ಹೂಡಲಾಯಿತು. ಠಾಣೆಯ ಕಾನ್‌ಸ್ಟೇಬಲ್ ಹೊರಗಿನಿಂದ ಬಂದ, ತಳವಾರ ಊರಲ್ಲೇ ಉಳಿದ. ಮಾಹಿತಿ ಇವನದು, ಕೇಸು ಅವನದು.

ಗೌಡನಿಗೆ ಈಗ ವಿಲೇಜ್ ಮುನಸೀಫ, ವಿಲೇಜ್ ಮ್ಯಾಜಿಸ್ಟ್ರೇಟ್ ಎಂಬ ಹೆಸರು. ಊರಲ್ಲಿ ಕೊಲೆಯೋ ಸಂಶಯದ ಸಾವೋ ನಡೆದರೆ ಅವನು ಠಾಣೆಗೂ ತಾಲ್ಲೂಕಿನ ಮ್ಯಾಜಿಸ್ಟ್ರೇಟಿಗೂ ರಪೋಟು ಕಳಿಸಬೇಕು, ಒಯ್ಯುವವನು ತಳವಾರ. ಗೌಡ ಪೊಲೀಸನಲ್ಲವಾದ್ದರಿಂದ ಆರೋಪಿ ಅವನ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಾಗಬಹುದಿತ್ತು. ಆ ಸಂದಿಯಲ್ಲಿ ಪೊಲೀಸರು ನುಸುಳದಂತೆ ಮದರಾಸು ಹೈಕೋರ್ಟಿನ ಕ್ರಿಮಿನಲ್ ನಿಯಮಗಳು ಒಂದು ಬೇಲಿ ಹಾಕಿದವು: ಪೊಲೀಸ್ ತನಿಖೆ ಶುರುವಾದ ಮೇಲೆ ಆರೋಪಿಯ ಯಾವ ಮಾತನ್ನೂ ವಿಲೇಜ್ ಮ್ಯಾಜಿಸ್ಟ್ರೇಟ್ ಬರೆದುಕೊಳ್ಳಕೂಡದು. ಕೇಳಬಹುದು, ಬರೆಯುವಂತಿಲ್ಲ. ಇನ್ನು ಹೆಣದ ಮುಂದೆ ಕೂತು ಪಂಚನಾಮೆಗೆ ರುಜು ಹಾಕುವ ಪಂಚರು ಅದೇ ಊರಿನವರು. ಕಾಗದದಲ್ಲಿ ‘ಯಾರೋ’ ಎಂದಿರುವ ಹೆಸರು ಕಾಗದ ಒಣಗುವ ಮೊದಲೇ ಊರ ಬಾಯಲ್ಲಿ ಆಡುತ್ತಿರುವುದು ಇಲ್ಲಿ ಹೊಸದಲ್ಲ.

ಭೂಗೋಳವೂ ಕಳ್ಳನ ಪಕ್ಷವೇ. ಮದರಾಸಿನ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಈ ತಾಲ್ಲೂಕುಗಳು ಬೇರೆ ಬೇರೆ ಸರ್ಕಾರಗಳ ಸಂದಿಯಲ್ಲಿದ್ದವು. ಹೂವಿನಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಇನ್ನಷ್ಟು ಕೆಳಗೆ ದಾಟಿದರೆ ನಿಜಾಮನ ಕೊಪ್ಪಳ. ಹರಪನಹಳ್ಳಿ, ಕೂಡ್ಲಿಗಿಯ ತೆಂಕಣ ಗಡಿಗೆ ಮೈಸೂರು ಸಂಸ್ಥಾನದ ಜಗಳೂರು, ಮೊಳಕಾಲ್ಮೂರು. ಕೂಡ್ಲಿಗಿಯ ಪಕ್ಕಕ್ಕೇ ಘೋರ್ಪಡೆಯವರ ಸಂಡೂರು. ಹೆಜ್ಜೆ ಒಪ್ಪಿಸುವ ಹಳೆಯ ರೂಢಿ ಊರಿನಿಂದ ಊರಿಗೆ ನಡೆದದ್ದು. ಸರ್ಕಾರದಿಂದ ಸರ್ಕಾರಕ್ಕೆ ಅದು ನಡೆಯಲಿಲ್ಲ. ಕಳ್ಳ ಒಂದು ರಾತ್ರಿಯಲ್ಲಿ ದಾಟಿದ ಹೊಳೆಯನ್ನು ಕಾಗದ ದಾಟಲು ತಿಂಗಳು ಬೇಕಿತ್ತು.

1876–78ರ ಧಾತು ಸಂವತ್ಸರದ ಬರದಲ್ಲಿ ಬಳ್ಳಾರಿ ಜಿಲ್ಲೆ ಪ್ರಾಂತ್ಯದಲ್ಲೇ ಅತಿ ಹೆಚ್ಚು ಬಳಲಿದವುಗಳಲ್ಲಿ ಒಂದು. ಹಗೇವು ಒಡೆಯುವುದು, ಕಾಳಿನ ಬಂಡಿ ತಡೆಯುವುದು ಆಗ ಹೆಚ್ಚಿದವು. ಹೆಜ್ಜೆ ಹಿಡಿಯಬೇಕಾದ ತಳವಾರನ ಹೊಟ್ಟೆಯೂ ಅಷ್ಟೇ ಖಾಲಿ; ಕಣವೇ ಆಗದ ವರ್ಷ ಆಯ ಎಲ್ಲಿಂದ ಬರಬೇಕು? ಅಷ್ಟರೊಳಗೆ 1858ರ ಇನಾಮ್ ಕಮಿಷನ್ನಿನ ನಂತರದ ಏರ್ಪಾಟುಗಳಲ್ಲಿ ಊಳಿಗದ ಇನಾಮುಗಳು ಕಂದಾಯಕ್ಕೆ ಒಳಪಟ್ಟು, ತಳವಾರ ನಿಧಾನವಾಗಿ ಸರ್ಕಾರದ ಪುಡಿ ಸಂಬಳದವನಾಗುತ್ತಿದ್ದ. 1895ರ ಮದರಾಸು ಕಾಯಿದೆ ಈ ಹುದ್ದೆಗಳ ವಂಶಪಾರಂಪರ್ಯವನ್ನು ಬರವಣಿಗೆಯಲ್ಲಿ ಗಟ್ಟಿಮಾಡಿತು.

ಪೊಲೀಸ್ ಇಲಾಖೆ ಬೇರೂರಿದಂತೆ ಸುದ್ದಿಯ ಹುಡುಕಾಟ ಸುಲಭದ ದಾರಿ ಹಿಡಿಯಿತು. ಯಾರು ಮಾಡಿದರು ಎಂದು ಕೇಳುವ ಬದಲು ಯಾವ ಜಾತಿಯವರು ಮಾಡಿರಬಹುದು ಎಂದು ಕೇಳುವ ದಾರಿ ಅದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ತಿದ್ದುಪಡಿಯಾಗಿ ಮದರಾಸಿಗೂ ಬಂತು. ಎತ್ತಿನ ಮೇಲೆ ಉಪ್ಪು–ಧಾನ್ಯ ಹೇರಿ ತಿರುಗುತ್ತಿದ್ದ ಕೊರಚರಂಥವರ ವ್ಯಾಪಾರವನ್ನು ಉಪ್ಪಿನ ಏಕಸ್ವಾಮ್ಯವೂ ರೈಲೂ ತಿಂದುಹಾಕಿದ್ದವು. ಬದುಕು ಕಳೆದುಕೊಂಡವರನ್ನೇ ಕಾಯಿದೆ ಹುಟ್ಟುಗಳ್ಳರೆಂದು ದಾಖಲಿಸಿತು. ಹೆಸರು ಬರೆಸಿದವರು ಊರು ಬಿಡಬೇಕಾದರೆ ತಿಳಿಸಬೇಕು, ಹಾಜರಿ ಹಾಕಬೇಕು. ಆ ಹಾಜರಿಯ ಭಾರವೂ ಗೌಡ–ತಳವಾರರ ತಲೆಗೇ ಬಂತು. 1952ರಲ್ಲಿ ದೇಶದಾದ್ಯಂತ ಕಾಯಿದೆ ರದ್ದಾದರೂ, ಕಳವಾದ ಮರುದಿನ ಠಾಣೆಯ ಜೀಪು ಮೊದಲು ಯಾವ ಹಟ್ಟಿಗೆ ಹೋಗುತ್ತದೆ ಎಂಬುದು ಬಹುಕಾಲ ಬದಲಾಗಲಿಲ್ಲ.

ಸರ್ಕಾರದ ಈ ದಾರಿಗಳ ಪಕ್ಕದಲ್ಲೇ ಊರಿನ ದಾರಿಗಳು ನಡೆದೇ ಇದ್ದವು. ಸಂಶಯವಿದ್ದವರಿಗೆ ಮಂತ್ರಿಸಿದ ಅಕ್ಕಿ ಅಗಿಯಲು ಕೊಡುವುದು, ಅಂಗೈಗೆ ಅಂಜನ ಹಚ್ಚಿ ಕಳ್ಳನ ಮುಖ ನೋಡಿಸುವುದು, ಗುಡಿಯ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿಸುವುದು. ‘ಮಿತಾಕ್ಷರಾ’ ವಿವರಿಸುವ ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳ ಮರಿಗಳಿವು. ಭಯಕ್ಕೆ ಬಾಯೊಣಗಿದವನ ಅಕ್ಕಿ ನೆನೆಯದೆ ಉದುರುತ್ತದೆ ಎಂಬ ವಿವರಣೆಯನ್ನು ತಿಳಿದವರು ಕೊಡುತ್ತಾರೆ. ಅದು ಅರ್ಧ ನಿಜ. ನಿರಪರಾಧಿಯ ಬಾಯೂ ಒಣಗುತ್ತದೆ. ಈ ಶಾಸ್ತ್ರಗಳ ನಿಜವಾದ ಉಪಯೋಗ ಇನ್ನೊಂದಿತ್ತು: ಆಣೆಗೆ ಒಂದು ದಿನ ನಿಗದಿ ಮಾಡಿ ಸಾರಿದರೆ ನಡುವಿನ ರಾತ್ರಿಗಳಲ್ಲಿ ಕಳುವಿನ ಮಾಲು ಯಾರದೋ ಹಿತ್ತಲಲ್ಲೋ ಬಾವಿಕಟ್ಟೆಯ ಮೇಲೋ ಸಿಕ್ಕಿಬಿಡಬಹುದಿತ್ತು. ಯಾರ ಹೆಸರನ್ನೂ ಯಾರೂ ಹೇಳಬೇಕಾಗಿರಲಿಲ್ಲ. ಹೇಳಿಯೂ ಹೇಳದಿರುವ ಕಲೆ ಈ ಸೀಮೆಗೆ ಗೊತ್ತಿಲ್ಲದ್ದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಎಂಬ ಭವಿಷ್ಯವಾಣಿ ಒಂದೇ ಸಾಲು. ಅರ್ಥ ಹಚ್ಚುವುದು ಕೇಳಿದವರ ಪಾಲು.

ಇಷ್ಟೆಲ್ಲ ಇದ್ದೂ ಕನ್ನಡದ ಪತ್ತೇದಾರಿ ಕಾದಂಬರಿಗೆ ತಳವಾರ ಬರಲಿಲ್ಲ. 500ಕ್ಕೂ ಹೆಚ್ಚು ಕಾದಂಬರಿ ಬರೆದು ಓದುಗರನ್ನು ಕಟ್ಟಿಹಾಕಿದ ಎನ್. ನರಸಿಂಹಯ್ಯ (1925–2011) ಅವರ ಪತ್ತೇದಾರ ಪುರುಷೋತ್ತಮ ಪಟ್ಟಣದವನು. ಸಣ್ಣ ಊರಿನ ಗುಟ್ಟನ್ನೇ ಕಥೆ–ಕಾದಂಬರಿಯಾಗಿಸಿದವರು ಮಲೆನಾಡಿನ ಕೆ.ಪಿ. ಪೂರ್ಣಚಂದ್ರ ತೇಜಸ್ವಿ: ‘ಕುಬಿ ಮತ್ತು ಇಯಾಲ’ ಕಥೆಯಲ್ಲಿ ಒಂದು ಸಾವಿನ ಹಿಂದೆ ಬೀಳುವ ವೈದ್ಯ, ‘ಚಿದಂಬರ ರಹಸ್ಯ’ ಕಾದಂಬರಿಯಲ್ಲಿ ಕೆಸರೂರು ಎಂಬ ಇಡೀ ಊರು. ಎರಡನೆಯದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಐರ್ಲೆಂಡಿನ ಗ್ರಹಾಂ ನಾರ್ಟನ್ 2016ರಲ್ಲಿ ಬರೆದ ‘ಹೋಲ್ಡಿಂಗ್’ ಇದೇ ಜಾತಿಯದು. ಡುನೀನ್ ಎಂಬ ಕಲ್ಪಿತ ಹಳ್ಳಿಯಲ್ಲಿ ಕಟ್ಟಡಕ್ಕೆ ಅಗೆದಾಗ ಮನುಷ್ಯನ ಮೂಳೆ ಸಿಗುತ್ತವೆ; ಸಾರ್ಜೆಂಟ್ ಪಿ.ಜೆ. ಕಾಲಿನ್ಸ್ ಬಿಡಿಸಬೇಕಾದದ್ದು ಸುಳಿವುಗಳಿಗಿಂತ ಹೆಚ್ಚಾಗಿ ಊರವರ ಮೌನವನ್ನು. ಇನ್ನು ಈ ಸೀಮೆಯದೇ ಸಾಹಿತಿಗಳು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀchi ಎಂದೇ ಅಂಕಿತ ಹಾಕುತ್ತಿದ್ದ, ಕನ್ನಡ ಅಕ್ಷರದಲ್ಲಿ ಬೀಚಿ ಎನಿಸಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲೇ ನೌಕರಿ ಮಾಡಿದವರು. ಕಂಡದ್ದನ್ನೆಲ್ಲ ನಗೆಗೆ ತಿರುಗಿಸಿದರು. 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರ ‘ಅರಮನೆ’ಯಲ್ಲಿ ಮನ್ರೋ ಸಾಹೇಬನೇ ಪಾತ್ರವಾಗಿ ದತ್ತ ಮಂಡಲದಲ್ಲಿ ತಿರುಗುತ್ತಾನೆ, ಅದಕ್ಕೆ 2007ರ ಅಕಾಡೆಮಿ ಪ್ರಶಸ್ತಿ.

ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮೂರು ವರ್ಷದಲ್ಲಿ ಹೊಳೆಯಾಚೆಯ ಗಡಿಗಳೂ ಅಳಿದವು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಕೆಲವು ಊರುಗಳು ಸೀಮೆಗಲ್ಲಿನ ಸಮೇತ ಮುಳುಗಿದವು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಗೌಡ, ಶಾನುಭೋಗ, ತಳವಾರರ ವಂಶಪಾರಂಪರ್ಯದ ಹುದ್ದೆಗಳನ್ನು ಒಂದೇ ಏಟಿಗೆ ಕೊನೆಗಾಣಿಸಿತು. ಶಾನುಭೋಗನ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. ಕಾವಲಿಗೆಂದು 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆ ಬಂತು, ಆದರೆ ಅದು ತಳವಾರನ ಜಾಗ ತುಂಬಲಿಲ್ಲ. ಹಳೆಯ ತಳವಾರರ ಮನೆಯವರಲ್ಲಿ ಕೆಲವರು ಗ್ರಾಮ ಸಹಾಯಕರಾಗಿ ಡಂಗುರ ಸಾರುತ್ತ, ಸಾಹೇಬರ ಮುಂದೆ ಹಾದಿ ತೋರಿಸುತ್ತ ಉಳಿದರು. ಹುದ್ದೆ ಹೋದರೂ ಹೆಸರು ಮನೆತನಕ್ಕೆ ಅಂಟಿಕೊಂಡಿತು. 2020ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ಮಾಡಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಜೊತೆಗೆ ಪರಿವಾರ, ತಳವಾರ ಎಂಬ ಎರಡು ಹೆಸರುಗಳನ್ನು ಸೇರಿಸಿತು. ಮರುವರ್ಷ, 2021ರಲ್ಲಿ, ಈ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಬಂದವು. ತಳವಾರ ಎಂಬ ಪದ ಈಗ ಇಲ್ಲಿನ ತಹಶೀಲ್ದಾರ್ ಕಚೇರಿಗಳಲ್ಲಿ ಹೆಚ್ಚಾಗಿ ಬರುವುದು ಜಾತಿ ಪ್ರಮಾಣಪತ್ರದ ಅರ್ಜಿಗಳಲ್ಲಿ.